ಲಿಯೊಗೆ ಸಿಕ್ಕ ನಾಲ್ಕೂವರೆ ಗಂಟೆ

ಮೇ 20, ಸೋಮವಾರ

ಎರಡು ಹಡಗು. ಒಂಬತ್ತು ತಲೆಗೆ ಜಡೆ ಹೆಣೆದೆ. ಬೆರಳ ಗೆಣ್ಣೆಲ್ಲ ಉರಿ. ಟೆಕ್ಸಾಸ್‌ನ ಹೆಂಗಸೊಬ್ಬಳು ಹೋದ ವರ್ಷ ನಾನು ಬರೆದುಕೊಟ್ಟ ಚೀಟಿಯನ್ನೇ ಹಿಡಿದು ಬಂದಿದ್ದಳು — ಹತ್ತಕ್ಕೆ ಜಡೆ, ಹನ್ನೊಂದಕ್ಕೆ ಸಮುದ್ರ, ಒಂದಕ್ಕೆ ಮೀನೂಟ, ಎರಡೂವರೆಗೆ ಗೇಟಿನಿಂದ ಹಡಗಿಗೆ ವಾಪಸ್ ಬಸ್. ನನ್ನ ಪ್ಲಾನ್ ನಂಬಿದವರು ಯಾರೂ ಇವತ್ತಿನವರೆಗೆ ಹಡಗು ತಪ್ಪಿಸಿಕೊಂಡಿಲ್ಲ. ಪ್ರೊಗ್ರೆಸೊ ಕಡಲದಂಡೆಯಲ್ಲಿ ಈ ಎರ್ಮಿನಿಯಾಗೆ ಅಷ್ಟು ಹೆಸರಿದೆ.

ಸಂಜೆ ಲಿಯೊ ಫೋನ್. ತಂಗಿಯಲ್ಲವೇ ಎಂದು ಎತ್ತಿದೆ. ಎತ್ತಬಾರದಿತ್ತು.

"ಅಕ್ಕಾ, ಜೂನ್ ಹನ್ನೆರಡಕ್ಕೆ ನಮ್ಮ ಹಡಗು ನಮ್ಮೂರಿಗೇ ಬರುತ್ತೆ ಕಣೆ! ಒಂದೇ ಸಲ. ಆಮೇಲೆ ಅಲಾಸ್ಕಾ, ಹತ್ತು ತಿಂಗಳು. ಲಾಂಡ್ರಿ ಡ್ಯೂಟಿ ಮುಗಿಸಿ ಹನ್ನೊಂದಕ್ಕೆ ಇಳೀತೀನಿ. ಮೂರೂವರೆಗೆ ವಾಪಸ್ ಹತ್ತಿರಬೇಕು."

"ಬಾ. ಮೀನು ಹುರಿಸಿಡ್ತೀನಿ."

"ಮೀನಿಗೆ ಬರ್ತಿಲ್ಲ ನಾನು. ಅರೆಲಿಗೆ ಹದಿನೈದು ತುಂಬ್ತಿದೆ. ಹದಿನೈದಕ್ಕೆ ಹೇಳೋಣ ಅಂತ ಮಾತಾಗಿತ್ತು."

ಮಾತಾಗಿತ್ತು. ಅಮ್ಮ ಸಾಯುವಾಗ ಅವಳ ಹಾಸಿಗೆ ಪಕ್ಕದಲ್ಲೇ ಆಗಿತ್ತು. ಲಿಯೊಗೆ ಆಗ ಹತ್ತೊಂಬತ್ತು. ಮೂರು ತಿಂಗಳ ಕೂಸು ಅರೆಲಿಯನ್ನು ನನ್ನ ಮಡಿಲಿಗೆ ಹಾಕಿ ಹಡಗು ಹತ್ತಿದಳು. ಕಾಗದಪತ್ರದಲ್ಲೆಲ್ಲ ತಾಯಿ ನಾನು. ರಜೆಗೆ ಬಂದಾಗೆಲ್ಲ ಚಿಕ್ಕಮ್ಮನಾಗಿ ಬಂದು ಚಿಕ್ಕಮ್ಮನಾಗಿಯೇ ಹೋಗುತ್ತಿದ್ದಳು. ಜ್ವರ ಬಂದಾಗ ನಿದ್ದೆಗೆಟ್ಟವಳು ನಾನು. ಹೇನು ಹೆಕ್ಕಿದವಳು ನಾನು. ಈಗ ಬೆಳೆದು ನಿಂತ ಮೇಲೆ ಇವಳಿಗೆ ಮಗಳು ಬೇಕಂತೆ.

"ಅವಳ ಜೊತೆ ಒಂದರ್ಧ ಗಂಟೆ ಸಾಕು ಅಕ್ಕ. ಪ್ಲಾನ್ ನೀನೇ ಮಾಡು. ನಿಂಗಿಂತ ಚೆನ್ನಾಗಿ ಇನ್ಯಾರು ಮಾಡ್ತಾರೆ?"

ಹೌದು. ಇನ್ಯಾರು ಮಾಡುತ್ತಾರೆ.

ಮೇ 23

ಪ್ಲಾನ್ ಬರೆದೆ. ಹನ್ನೊಂದೂವರೆಗೆ ಅಮ್ಮನ ಹೆಸರಲ್ಲಿ ಚರ್ಚಿನಲ್ಲಿ ಪ್ರಾರ್ಥನೆ. ಹನ್ನೆರಡೂಕಾಲಿಗೆ ಚರ್ಚಿನಲ್ಲಿ ಲಿಯೊಗೆ ಹೆಸರಿಡುವಾಗ ಎತ್ತಿಕೊಂಡಿದ್ದ ಜ್ಞಾನತಾಯಿಯ ಮನೆ — ಮುದುಕಿಗೆ ಕಿವಿ ಕೇಳಿಸದು, ಬಾಯಿ ನಿಲ್ಲದು. ಒಂದೂಕಾಲಿಗೆ ದಂಡೆಯ ಹೋಟೆಲಿನಲ್ಲಿ ಊಟ, ಹನ್ನೊಂದು ಜನ. ಲಿಯೊ ಮೇಜಿನ ಆ ತುದಿ, ಅರೆಲಿ ಈ ತುದಿ. ಎರಡೂಕಾಲಿಗೆ ಅಂಗಡಿ ಬೀದಿ. ಹಡಗಿನಿಂದ ಇಳಿಯಲಾಗದ ಗೆಳತಿಯರು ಲಿಯೊಗೆ ಸಾಮಾನಿನ ಪಟ್ಟಿ ಕೊಟ್ಟೇ ಕೊಡುತ್ತಾರೆ. ಮನೆಗೆ ಬರುವ ಮಾತೇ ಇಲ್ಲ.

ಅರೆಲಿಗೆ ಅವತ್ತು ಶಾಲೆ. ರಜೆ ಹಾಕಿಸುವುದಿಲ್ಲ. ನೇರ ಊಟಕ್ಕೆ ಬರಲಿ.

ಎಲ್ಲ ಹಡಗಿನ ಟೈಮಿನಲ್ಲಿ ಬರೆದೆ, ಲಿಯೊಗೆ ಗೊಂದಲ ಬೇಡ. ನಮ್ಮ ಸರ್ಕಾರ ಬೇಸಿಗೆಗೆ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದಾಗಿನಿಂದ ಹೆಚ್ಚಿನ ಹಡಗುಗಳು ನಮಗಿಂತ ಒಂದು ಗಂಟೆ ಮುಂದೆ. ಕೆಲವು ಮಾತ್ರ ನಮ್ಮ ಟೈಮೇ. ಅದಕ್ಕೇ ಅಡುಗೆಮನೆಯಲ್ಲಿ ಎರಡು ಗಡಿಯಾರ, ಬಲಗಡೆ ಊರಿನದು, ಎಡಗಡೆ ಹಡಗಿನದು. ಬಂದ ಹಡಗು ನೋಡಿ ಎಡಗಡೆಯ ಮುಳ್ಳು ತಿರುಗಿಸುವುದು ನನ್ನ ಕೆಲಸ. ಬೇರೆಯವರು ಮುಟ್ಟುವ ಹಾಗಿಲ್ಲ.

ಮೇ 31

ಲಿಯೊ ಮತ್ತೆ ಫೋನ್. ಪ್ಲಾನ್ ಓದಿದೆ ಎಂದಳು. ದನಿ ಸಪ್ಪೆ.

"ಉಸಿರಾಡೋಕೂ ಜಾಗ ಇಲ್ವಲ್ಲೇ ಅಕ್ಕ."

"ಎಲ್ಲರಿಗೂ ನಿನ್ನ ನೋಡೋ ಆಸೆ. ಬೇಡ ಅನ್ಲಾ?"

ಆಮೇಲೆ ಅರೆಲಿಯ ಕಾಲಿನ ಅಳತೆ ಕೇಳಿದಳು. ಹದಿನೈದರ ಔತಣದಲ್ಲಿ ಹುಡುಗಿಯ ಚಪ್ಪಲಿ ಬಿಚ್ಚಿಸಿ ಮೊದಲ ಹೀಲ್ಸ್ ತೊಡಿಸುತ್ತಾರಲ್ಲ, ಆ ಶೂ ತಾನು ತರುತ್ತಾಳಂತೆ. "ತೊಡಿಸೋಕೆ ನಾನಿರಲ್ಲ. ಶೂ ಆದ್ರೂ ನಂದಿರಲಿ."

ಇಪ್ಪತ್ಮೂರು ಸೆಂಟಿಮೀಟರ್ ಎಂದೆ.

ಇಪ್ಪತ್ತೈದು ಅವಳದು. ಬಾಯಿಗೆ ಅದೇ ಬಂತು. ತಿದ್ದಬಹುದಿತ್ತು... ತಿದ್ದಲಿಲ್ಲ. ಫೋನ್ ಇಟ್ಟ ಮೇಲೆ ಒಬ್ಬಳೇ ನಕ್ಕೆ. ಇಂಥ ನಗು ನನ್ನಲ್ಲಿದೆ ಎಂದು ಗೊತ್ತಿರಲಿಲ್ಲ.

ಜೂನ್ 12, ಮಧ್ಯಾಹ್ನ 1.05 (ನಮ್ಮ ಟೈಮು)

ಒಬ್ಬಳೇ ಮನೆಗೆ ಓಡಿ ಬಂದಿದ್ದೇನೆ. ಬೇಗ ಬರೆಯಬೇಕು.

ಎಲ್ಲ ಪ್ಲಾನ್ ಪ್ರಕಾರ. ಚರ್ಚಿನಲ್ಲಿ ಲಿಯೊ ಬಾಗಿಲನ್ನೇ ನೋಡುತ್ತಿದ್ದಳು. "ಅರೆಲಿ ಎಲ್ಲೇ?" "ಶಾಲೆ." ಮುದುಕಿಯ ಮನೆಯಲ್ಲಿ ಮತ್ತೆ, "ಅರೆಲಿ?" "ಊಟಕ್ಕೆ ಬರ್ತಾಳೆ, ತಡ್ಕೊ." ಊಟದಲ್ಲಿ ಹುಡುಗಿ ಬಂದಾಗ ಎದ್ದೇ ಬಿಟ್ಟಳು. ಕೈಯಲ್ಲಿದ್ದ ರೊಟ್ಟಿ ಬಿತ್ತು. ಲಾಂಡ್ರಿ ಸೋಪಿಗೆ ಬಿಳಿಚಿದ ಕೈ, ಆ ಕೈಯಲ್ಲಿ ಅರೆಲಿಯ ಕೆನ್ನೆ ಹಿಡಿದು ನಿಂತಳು, ಬಿಡಲೇ ಇಲ್ಲ. ನಾನೇ ಬಿಡಿಸಿದೆ. "ಮೀನು ಆರುತ್ತೆ, ಕೂತ್ಕೊಳ್ರೇ."

ಕೈ ತೊಳೆಯುವ ನೆಪದಲ್ಲಿ ಲಿಯೊ ಅರೆಲಿಯ ಬೆನ್ನ ಹಿಂದೆ ಬಂದು ಪಿಸುಗುಟ್ಟಿದಳು. ನಾನು ಸಾರು ಬಡಿಸುತ್ತಿದ್ದೆ. ಕೇಳಿಸಿತು.

"ಮೂರಕ್ಕೆ ಬಸ್ ಹೊರಡೋ ಪಿಯರ್ ಗೇಟಿಗೆ ಒಬ್ಳೇ ಬಾ ಚಿನ್ನ. ಹಡಗಿನ ಟೈಮು ಮೂರು. ಒಂದು ಕೊಡೋದಿದೆ, ಒಂದು ಹೇಳೋದಿದೆ. ನನ್ನ ಫೋನಿಗೆ ಇಲ್ಲಿ ಸಿಗ್ನಲ್ ಇಲ್ಲ, ಮರೀಬೇಡ."

"ಬರ್ತೀನಿ ಚಿಕ್ಕಮ್ಮ."

ಒಲೆ ಆರಿಸಿಲ್ಲ ಎಂದು ಸುಳ್ಳು ಹೇಳಿ ಬಂದೆ. ಸ್ಟೂಲ್ ಹತ್ತಿದೆ. ಎಡಗಡೆಯ ಗಡಿಯಾರ ಎರಡು ದಾಟಿತ್ತು. ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ.

ಅರೆಲಿ ಬಂದಳು. ಬರೆದದ್ದು ಸಾಕು.

ಅದೇ ದಿನ, 2.50

ಈಗ ಹೋದಳು.

ಬಂದವಳೇ ಗೋಡೆ ನೋಡಿದಳು. "ಅಮ್ಮಾ, ಎರಡೂ ಒಂದೇ ತೋರಿಸ್ತಿದೆ?"

"ಚಿಕ್ಕಮ್ಮನ ಹಡಗು ನಮ್ಮ ಟೈಮೇ ಇಟ್ಕೊಂಡಿದೆ. ಕೆಲವು ಹಾಗೆ, ಗೊತ್ತಲ್ಲ."

ನಂಬಿದಳು. ಹಡಗಿನ ವಿಷಯದಲ್ಲಿ ಊರೇ ನನ್ನನ್ನು ನಂಬುತ್ತದೆ. "ಹಾಗಾದ್ರೆ ಇನ್ನೂ ಟೈಮಿದೆ. ಜಡೆ ಹಾಕಮ್ಮ. ಸಣ್ಣಸಣ್ಣದು, ಟೂರಿಸ್ಟ್‌ಗಳಿಗೆ ಹಾಕ್ತೀಯಲ್ಲ ಹಾಗೆ. ಚಿಕ್ಕಮ್ಮ ಬೆರಗಾಗ್ಬೇಕು."

ಹಾಕಿದೆ. ಮೂವತ್ತೆರಡು ಜಡೆ. ನಲವತ್ತು ನಿಮಿಷದ ಕೆಲಸ, ಒಂದೂವರೆ ಗಂಟೆ ಎಳೆದೆ. ಎರಡು ಸಲ ಬೇಕೆಂದೇ ಬಿಚ್ಚಿದೆ. ನನ್ನ ಮಂಡಿಗೆ ಒರಗಿ ಶಾಲೆಯ ಮಾತು, ಗೌನಿನ ಮಾತು, ಏನೇನೋ. ಅವಳ ನೆತ್ತಿಯಲ್ಲಿ ಕೂಸಿನ ವಾಸನೆ ಇನ್ನೂ ಇದೆ. ನನ್ನವಳು. ಗೇಟಿನಲ್ಲಿ ತಂಗಿ ನಿಂತಿರುತ್ತಾಳೆ ಎಂದು ಗೊತ್ತಿದ್ದೂ ಇನ್ನೊಂದು ಜಡೆ ಹೆಣೆದೆ.

ಸಂಜೆ 4.20

ಹಡಗು ಕೂಗಿ ಹೋಯಿತು. ಅರೆಲಿ ಶೂ ಡಬ್ಬಿ ಎದೆಗವಚಿಕೊಂಡು ಬಂದಳು. ಅತ್ತ ಕಣ್ಣು.

"ಗೇಟು ಕಾಯೋ ಫಿದೆನ್ಸಿಯೊ ಮಾಮ ಕೊಟ್ರು. ಚಿಕ್ಕಮ್ಮ ಮೂರೂಕಾಲಿನವರೆಗೂ ಕಾದ್ಲಂತೆ. ಕೊನೇ ಬಸ್ಸಿಗೆ ಎಳ್ಕೊಂಡು ಹತ್ತಿಸಿದ್ರಂತೆ. ನಾನು ಹೋದಾಗ ಹಡಗಲ್ಲಿ ನಾಲ್ಕಂತೆ, ಅಮ್ಮ."

"ಅಯ್ಯೋ. ಹಡಗಿನವರು ಟೈಮ್ ಬದಲಾಯಿಸಿರ್ಬೇಕು. ನಂಗೂ ಹೇಳಿಲ್ಲ ನೋಡು."

ಕೋಣೆಗೆ ಹೋದಳು.

ಜೂನ್ 13

ಮೆಲ್ಲಗೆ ಕೇಳಿದೆ, ಡಬ್ಬಿಯಲ್ಲಿ ಏನಾದರೂ ಕಾಗದ ಇತ್ತೇ ಎಂದು. ಇಲ್ಲವಂತೆ. ಉಸಿರು ಬಂತು.

"ಶೂ ಬೇಕಾದ್ರೆ ಬದಲಾಯಿಸೋಣ. ಇಪ್ಪತ್ಮೂರು ನಿಂಗೆ ಬಿಗಿ."

ಕಾಫಿ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟಳು. "ಡಬ್ಬಿ ನಾನಿನ್ನೂ ನಿಂಗೆ ತೋರಿಸೇ ಇಲ್ಲ."

ಏನೋ ಹೇಳಿದೆ. ಫೋನಲ್ಲಿ ಲಿಯೊ ಹೇಳಿದ್ದಳು ಎಂದೆ. ತಲೆಯಾಡಿಸಿದಳು. ಮಧ್ಯಾಹ್ನ ನೋಡಿದರೆ ಎಡಗಡೆಯ ಗಡಿಯಾರ ಒಂದು ಗಂಟೆ ಮುಂದಿದೆ. ಸ್ಟೂಲ್ ಇನ್ನೂ ಅಲ್ಲೇ ಇತ್ತು. ನಾನು ಮುಟ್ಟಿಲ್ಲ.

ಸಂಜೆ ಮೂವತ್ತೆರಡೂ ಜಡೆ ಬಿಚ್ಚಿಕೊಂಡಳು. ತಾನೇ.

ಜೂನ್ 30, ಭಾನುವಾರ

ಹದಿನೇಳು ದಿನ ಬರೆಯಲಿಲ್ಲ. ಹುಡುಗಿ ಎಂದಿನಂತೆಯೇ ಇದ್ದಳು. ನಗುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಗೆದ್ದೆ ಎಂದುಕೊಂಡಿದ್ದೆ.

ನಿನ್ನೆ ಔತಣ. ನೂರೈವತ್ತು ಜನ. ನೀಲಿ ಗೌನಿನಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ನಾನು ಇಪ್ಪತ್ತೈದರ ಹೊಸ ಶೂ ತಂದಿಟ್ಟಿದ್ದೆ. ಬೇಡವೆಂದು, ಶೂ ಇಡುವ ದಿಂಬಿನ ಮೇಲೆ ಲಿಯೊ ತಂದದ್ದನ್ನೇ ಇರಿಸಿದ್ದಳು. ಸಂಗೀತ ನಿಂತಿತು. ಎಲ್ಲರ ಮುಂದೆ ಮಂಡಿಯೂರಿದೆ. ಚಪ್ಪಲಿ ಬಿಚ್ಚಿ ಶೂ ತೊಡಿಸಿದೆ. ಬೆರಳು ಹೋಯಿತು. ಹಿಮ್ಮಡಿ ಹೋಗಲಿಲ್ಲ.

"ಬೇರೆದು ತರ್ತೀನಿ ಮಗಳೇ," ಎಂದೆ.

ಬಾಗಿದಳು. ಮುತ್ತಿಡುತ್ತಾಳೆ ಎಂದುಕೊಂಡು ಜನ ಫೋನ್ ಎತ್ತಿದರು. ನನ್ನ ಕಿವಿಗಷ್ಟೇ ಹೇಳಿದಳು. ಹದಿನೈದು ವರ್ಷ ನೀನು ಎಂದವಳು.

"ಶೂ ಒಳಗೆ ಕಾಗದ ಇತ್ತು. ಅಮ್ಮ ಬರೆದದ್ದು. ಒತ್ತಿ, ದೊಡ್ಡಮ್ಮ. ಅಳತೆ ನೀವೇ ಕೊಟ್ಟದ್ದಲ್ವಾ."

ಒತ್ತಿದೆ. ಚರ್ಮ ಸುಲಿದು ಬಿಳಿ ಸ್ಯಾಟಿನ್ ಕೆಂಪಾಯಿತು. ಅವಳು ನಗುತ್ತಲೇ ಇದ್ದಳು. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. "ಇನ್ನೊಂದು ಕಾಲು, ದೊಡ್ಡಮ್ಮ," ಎಂದಳು, ಈ ಸಲ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಚಪ್ಪಾಳೆ ನಿಂತಿತು. ನಾನು ಇನ್ನೊಂದು ಶೂ ಕೈಗೆತ್ತಿಕೊಂಡೆ.