ಕಚ್ಚಾ ಹೊಲಿಗೆಯ ಕೋಟು

ಮನೆ, ಅಡುಗೆಮನೆಯ ಮೇಜಿನಿಂದ
ಭಾನುವಾರ, ಮಧ್ಯಾಹ್ನ

ನನ್ನ ಮುಂಗೋಪಿ ಮಗನಿಗೆ ಅಮ್ಮನ ಆಶೀರ್ವಾದ.

ಬೆನ್ನುನೋವು ಹೇಗಿದೆಯಪ್ಪಾ? ಬಂದರಿನಲ್ಲಿ ತಿಂಗಳುಗಟ್ಟಲೆ ಕ್ರೇನಿನ ಮೇಲೆ ಕೂತವನಿಗೆ ಬೆನ್ನು ಹಿಡಿಯದೆ ಇನ್ನೇನಾಗುತ್ತದೆ. ಮುಲಾಮು ಕಿಟಕಿಯ ಹತ್ತಿರವಿದೆ, ಊಟ ಒಲೆಯ ಮೇಲೆ ಮುಚ್ಚಿಟ್ಟಿದೆ. ನೀನು ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಈ ಕಾಗದ. ಮೂರನೇ ಕ್ಲಾಸಿನ ಅಕ್ಷರ, ಸೊಟ್ಟಗಿದ್ದರೆ ಸಹಿಸಿಕೋ. ಮೊದಲು ಕೈಕಾಲು ತೊಳೆದು ಉಣ್ಣು, ಬೀರು ಆಮೇಲೆ ತೆಗೆ. ಆಗಲೇ ತೆಗೆದಿದ್ದರೆ, ಹೌದು, ಕೋಟು ಅಲ್ಲಿಲ್ಲ.

ನಾಳೆ ನಿನಗೆ ಮೇಸ್ತ್ರಿ ಹುದ್ದೆ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ, ನಿಮ್ಮಪ್ಪ ತಾನೇ ಕೂತು ಹೊಲಿದ ಆ ಕೋಟನ್ನೇ ಹಾಕಿಕೊಳ್ಳಬೇಕು ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದು ನೆನಪಿದೆ. ಅದರ ಬೆನ್ನಿಗೇ ನೀನು ಇನ್ನೊಂದು ಮಾತೂ ಹೇಳಿದೆ: "ಸಿನಿಮಾ, ಹಾಡು, ಬಟ್ಟೆ ಅಂತ ಅವಳು ಕುಣಿಯೋದನ್ನೆಲ್ಲ ಬಂದ ದಿನಾನೇ ನಿಲ್ಲಿಸ್ತೀನಿ." ನಿನ್ನ ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ನೀನು ಫೋನಿನಲ್ಲಿ ಮಾತಾಡಿದರೆ ಬೀದಿಗೇ ಕೇಳುತ್ತದೆ.

ಆ ಚೂಟಿ ಒಂದೇ ಸಿನಿಮಾಕ್ಕೆ ಮತ್ತೆ ಮತ್ತೆ ಹೋಗುತ್ತಾಳೆಂದು ನಿನಗೆ ಸಿಟ್ಟು. ನಾನೂ ಬೈಯುತ್ತಿದ್ದೆ, ಹೀರೋನ ಮೂತಿ ನೋಡಲು ಎಂದುಕೊಂಡು. ಒಂದು ದಿನ ಜೊತೆಗೆ ಹೋದೆ. ಹೀರೋ ಅಳುತ್ತಿದ್ದಾನೆ, ಅಕ್ಕಪಕ್ಕದವರು ಮೂಗು ಒರೆಸುತ್ತಿದ್ದಾರೆ, ಇವಳು ನನ್ನನ್ನು ತಿವಿದು, "ಅಜ್ಜಿ, ಆ ಕಾಲರ್ ನೋಡು, ನೆಟ್ಟಗೆ ನಿಲ್ಲಲಿ ಅಂತ ಒಳಗಡೆ ಕ್ಯಾನ್ವಾಸ್ ಇಟ್ಟಿದಾರೆ" ಎನ್ನುತ್ತಾಳೆ. ನಿಮ್ಮಪ್ಪನೂ ಹಾಗೇ, ಯಾರ ಮದುವೆಗೆ ಹೋದರೂ ಮದುಮಗನ ಮುಖ ಬಿಟ್ಟು ಅವನ ಹೊಲಿಗೆ ನೋಡಿ ಬರುತ್ತಿದ್ದರು.

ಇವತ್ತು ಸಂಜೆ ಮಾರುಕಟ್ಟೆಯ ಹಿಂದಿನ ಸಭಾಂಗಣದಲ್ಲಿ ಅವಳ ತಂಡದ ಹಾಡು. ಜನರ ಮುಂದೆ ಇದೇ ಮೊದಲು. ಬುಧವಾರ ಅವಳ ಮಂಚದ ಮೇಲೆ ನಿನ್ನ ಕೋಟು ತುಂಡುತುಂಡಾಗಿ ಬಿದ್ದಿದ್ದನ್ನು ನೋಡಿದೆ. ಕೈಗೆ ಸಿಕ್ಕ ಬಾಚಣಿಗೆ ಎಸೆದೆ. ಅವಳು ಒಂದು ತೋಳನ್ನು ತಂದು ನನ್ನ ಮಡಿಲಲ್ಲಿಟ್ಟಳು. ಕತ್ತರಿ ಎಲ್ಲೂ ತಾಗಿರಲಿಲ್ಲ. ಒಂದೊಂದೇ ಹೊಲಿಗೆಯನ್ನು ಸೂಜಿಯಲ್ಲಿ ಎತ್ತಿ ಬಿಚ್ಚಿದ್ದಳು. ಒಬ್ಬರು ಹೊಲಿದದ್ದಕ್ಕೆ ಇನ್ನೊಬ್ಬರು ಕತ್ತರಿ ಹಾಕಬಾರದು ಎನ್ನುವುದು ನಿಮ್ಮಪ್ಪನ ಅಂಗಡಿಯ ಕಟ್ಟಳೆ. ನೀನಂತೂ ಕಲಿಯಲಿಲ್ಲ, ಅವಳು ಯಾವಾಗ ಕಲಿತಳೋ. "ಹಾಡೋಕೆ ನನ್ನ ಅಳತೆಗೆ ಮಾಡ್ಕೊಂಡು, ಬಂದ್ಮೇಲೆ ಮೊದಲಿನ ಹಾಗೇ ಹೊಲಿದಿಡ್ತೀನಿ ಅಜ್ಜಿ" ಎಂದಳು. ಮುಂದಿನ ವಾರ ಬರಬೇಕಾದವನು ಇವತ್ತೇ ಬರುತ್ತೀಯೆಂದು ಅವಳಿಗೇನು ಗೊತ್ತು?

ನಿನ್ನೆ ನೀನು ಫೋನಿಟ್ಟ ಮೇಲೆ ಹಾಡೂ ಬೇಡ ಏನೂ ಬೇಡ ಎಂದು ಕೋಟನ್ನು ನಿನ್ನ ಅಳತೆಗೇ ಹೊಲಿಯಲು ಕೂತಳು. ಸೂಜಿ ಕಿತ್ತುಕೊಂಡವಳು ನಾನು. ಅವಳ ಮೈಗೆ ಹೊಂದಿಸಿ ಹೊಲಿದವಳೂ ನಾನೇ. ಬೈಯುವುದಿದ್ದರೆ ನನ್ನನ್ನು ಬೈ. ನಿನ್ನ ಹೆಂಡತಿ ಆಸ್ಪತ್ರೆಯ ಪಾಳಿ ಮುಗಿಸಿ ನೇರ ಅಲ್ಲಿಗೇ ಬರುತ್ತಾಳೆ. ನೀನೂ ಬಾ. ಬೆಳಗಾಗುವುದರೊಳಗೆ ಕೋಟು ನಿನ್ನ ಅಳತೆಗೆ ಬಂದಿರುತ್ತದೆ, ಆ ಹೊಣೆ ನನ್ನದು.

ದೇವರು ನಿನಗೆ ಆಯಸ್ಸು ಕೊಡಲಿ, ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ನಿನ್ನನ್ನು ಹೆತ್ತು ಇನ್ನೂ ತಿದ್ದುತ್ತಲೇ ಇರುವ,
ಅಮ್ಮ

ಮರೆತಿದ್ದೆ: ಗಾಡಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಆ ಕೋಟಿನ ತೋಳುಗಳಿಗೆ ಹಾಕಿರುವುದು ಬರೀ ಕಚ್ಚಾ ಹೊಲಿಗೆ, ಎಳೆದರೆ ಬಿಚ್ಚಿಕೊಳ್ಳುವ ದಾರ. ಹಾಡುವಾಗ ಕೈ ಮೇಲೆತ್ತುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಾಳೆ. ಹೋದ ಸಲ ಟಾಕೀಸಿನ ಬಾಗಿಲಲ್ಲಿ, ಅಷ್ಟು ಜನರೆದುರಿಗೆ, ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆಯಲ್ಲ. ನಿನ್ನ ಬೆರಳ ಗುರುತು ಹೋಗುವವರೆಗೂ ಅವಳು ಆ ಸೆಕೆಯಲ್ಲಿ ತುಂಬುತೋಳು ಹಾಕಿಕೊಂಡು ತಿರುಗಿದ್ದನ್ನು ನಾನು ಕಂಡಿದ್ದೇನೆ. ಇವತ್ತು ಹಾಗೆ ಎಳೆದರೆ ನಿಮ್ಮಪ್ಪ ಹೊಲಿದ ತೋಳು ನಿನ್ನ ಕೈಗೆ ಬರುತ್ತದೆ, ಹುಡುಗಿ ಬರುವುದಿಲ್ಲ. ವೇದಿಕೆ ಹತ್ತುವ ಮೆಟ್ಟಿಲಿನ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಕೈ ಜೇಬಿನಲ್ಲಿಟ್ಟುಕೊಂಡು ಬಾ.