ಖಾಲಿ ಡಿಸ್ಕ್‌ಗಳಲ್ಲಿ ಏನಿತ್ತು?

ಗಡಿ ಸುಂಕದ ಮಾನ್ಯ ಅಧಿಕಾರಿಗಳೇ,

ನಿಮ್ಮ ತಪಾಸಣಾ ಕೊಠಡಿಯ ಬೆಂಚಿನ ಮೇಲೆ ಮೊನ್ನೆಯಿಂದ ಕೂತಿರುವವರು ನನ್ನ ಯಜಮಾನರು. ವ್ಯಾನಿನ ತುಂಬ ಹಳೆಯ ಕಂಪ್ಯೂಟರ್ ಹೇರಿಕೊಂಡು ಗಡಿ ದಾಟಲು ಬಂದದ್ದು ತಪ್ಪಲ್ಲವಂತೆ. ಆ ಕಂಪ್ಯೂಟರ್‌ಗಳೊಳಗೆ ಏನೂ ಇಲ್ಲದಿರುವುದು ತಪ್ಪಂತೆ. ಕಾಗದಪತ್ರ ಸರಿಯಿದೆಯೆಂದು ಒಪ್ಪಿದ ನೀವೇ, ಹಾರ್ಡ್ ಡಿಸ್ಕ್‌ಗಳೆಲ್ಲ ಖಾಲಿ ಇರುವುದನ್ನು ಕಂಡು ಹುಬ್ಬೇರಿಸಿದಿರಿ. ಕಳ್ಳಮಾಲು ಸಿಕ್ಕಿದರೆ ಹಿಡಿಯುವುದನ್ನು ಕೇಳಿದ್ದೆ. ಏನೂ ಸಿಗದಿದ್ದರೂ ಹಿಡಿಯುವ ನಿಮ್ಮ ಜಾಣ್ಮೆಗೆ ಏನೆನ್ನಲಿ?

ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ದಂತವೈದ್ಯರು, ವಕೀಲರು ಬೇಡವೆಂದು ಬಿಟ್ಟ ಯಂತ್ರಗಳನ್ನು ಕೊಂಡು ಸರಿಪಡಿಸುತ್ತೇವೆ. ಒಳಗಿರುವುದನ್ನು ತೆರೆದು ನೋಡದೆ ಪೂರ್ತಿ ಅಳಿಸುವುದು ನಮ್ಮಲ್ಲಿ ಮೊದಲ ಕೆಲಸ. ಯಾರದೋ ಹಲ್ಲಿನ ಎಕ್ಸ್-ರೇ, ಯಾರದೋ ವಿಚ್ಛೇದನದ ಅರ್ಜಿ ನಮಗೇಕೆ? ಈ ಸಲದವು ಗಡಿಯಾಚೆ ಹುಡುಗಿಯರಿಗೆ ಟೈಪಿಂಗ್ ಕಲಿಸುವ ನನ್ನ ನಾದಿನಿಗೆ ಹೊರಟಿದ್ದವು. ಹೊರದೇಶಕ್ಕೆ ಹೋಗುವಂಥವೆಂದು ಎರಡೆರಡು ಸಲ ಅಳಿಸಿದೆ. ಆ ಮುತುವರ್ಜಿಯೇ ಈಗ ಕುತ್ತಿಗೆಗೆ ಬಂದಿದೆ.

ಮೊನ್ನೆ ನಿಮ್ಮ ಸಿಬ್ಬಂದಿಯೊಬ್ಬರ ಫೋನಿನಿಂದ ಯಜಮಾನರು ಮಾತಾಡಿದರು.

“ಲೇ, ಅಳಿಸಿದ್ರಲ್ಲಿ ಏನಿತ್ತು ಅಂತ ಕೇಳ್ತಿದಾರೆ ಕಣೇ. ಏನ್ ಹೇಳ್ಲಿ?”

“ಗೊತ್ತಿಲ್ಲ ಅನ್ನಿ. ನಿಜ ಅದೇ ತಾನೆ?”

“ಅದನ್ನ ಹೇಳಿದ್ದಕ್ಕೇ ಕೂರ್ಸಿರೋದು.”

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಟ್ಟಾಯಿತು. ಆಮೇಲೆ ಸುದ್ದಿಯೇ ಇಲ್ಲ.

ನನಗೆ ಭಯವಾಗಿದೆ. ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತಿದ್ದೇನೆ. ಹೊರಗೆ ಯಾವುದಾದರೂ ವಾಹನ ನಿಂತರೆ ಬಗ್ಗಿ ಶಟರ್ ಕೆಳಗಿನಿಂದ ಅದರ ಚಕ್ರ ನೋಡುತ್ತೇನೆ. “ಅವನಿಗೆ ಸುಳ್ಳು ಹೇಳೋಕೆ ಬರಲ್ಲ ಕಣಮ್ಮ, ಅದೇ ನಂಗೆ ದಿಗಿಲು,” ಎನ್ನುತ್ತಾರೆ ಅತ್ತೆ. ನನ್ನ ದಿಗಿಲು ಬೇರೆ. ಮನೆಗೆ ಬಿಟ್ಟರೆ ಸಾಕೆಂದು ಅವರು ನಿಮಗೆ ಬೇಕಾದ ಸುಳ್ಳನ್ನೇ ಒಪ್ಪಿಕೊಂಡುಬಿಟ್ಟರೆ? ಡಿಸ್ಕ್ ಅಳಿಸಬಲ್ಲೆ, ನೀವು ಒಮ್ಮೆ ಬರೆದುಕೊಂಡದ್ದನ್ನು ಅಳಿಸುವುದು ನನ್ನಿಂದಾಗದು.

ಅವರು ವ್ಯಾನು ಓಡಿಸಿದರು, ಅಷ್ಟೇ. ಅಳಿಸಿದವಳು ನಾನು. ಅವರನ್ನು ಬಿಡಿ, ನನ್ನನ್ನು ಕೇಳಿ. ನಾಳೆ ಬೆಳಗ್ಗೆ ನಾನೇ ನಿಮ್ಮಲ್ಲಿಗೆ ಬಂದು, ಅಳಿಸುವುದು ಹೇಗೆಂದು ಎದುರಿಗೇ ಮಾಡಿ ತೋರಿಸುತ್ತೇನೆ. ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದಾಗಿದ್ದ ಪತ್ರವನ್ನು ನಾಲ್ಕು ಜನ ಓದುವಂತೆ ಬರೆದದ್ದೇಕೆ ಎಂದಿರಾ? ನಾನು ನಿಮ್ಮ ಬಾಗಿಲೊಳಗೆ ಹೋದದ್ದು ಯಾರಿಗಾದರೂ ಗೊತ್ತಿರಲಿ ಎಂದು.

ಇಂತಿ,
ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಕೂತಿರುವ,
ಅಳಿಸಿದವಳು