ಮೊಳೆಗೆ ತೂಗಿದ ಪಟ್ಟೆ

ಧರೆಪ್ಪ ಕಾಕಾ, ಶುಭದಾಳ ನಮಸ್ಕಾರ. ಈ ಪತ್ರವನ್ನು ಕೂತುಕೊಂಡು ಓದಿರಿ.

ನೀವು ತೀರಿಕೊಂಡು ಎಂಟು ವರ್ಷವಾಯಿತೆಂದು ನನಗೆ ಹೋದ ಸೋಮವಾರವಷ್ಟೇ ತಿಳಿಯಿತು. ನಾನು ಈಗ ಜಮಖಂಡಿಯಲ್ಲಿ ಕಾಲೇಜು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅವತ್ತು ತರಗತಿಯಲ್ಲಿ ಹುದ್ದೆಗಳ ಹೆಸರಿನ ಮಾತು ಬಂತು. ಕಾರಕೂನ ಎಂಬುದು ಪಾರಸಿಯಿಂದ ಬಂದದ್ದು, ಕೆಲಸ ಮಾಡುವವನು ಎಂದರ್ಥ ಎಂದೆ. ಪಟ್ಟೇವಾಲಾ ಎಂದರೆ ಏನೆಂದು ಕೇಳಿದೆ. ಹೊಳೆವ್ವ ಎಂಬ ಹುಡುಗಿ ಎದ್ದು ನಿಂತಳು. "ಹೆಗಲಿಗೆ ಪಟ್ಟೆ ಹಾಕ್ಕೊಳ್ಳಾಂವ್ರಿ. ನಮ್ಮಜ್ಜ ಅದ ಇದ್ದ. ನೌಕರಿಯೊಳಗ ಒಂದು ಗುಂಡಸೂಜಿ ಸುದ್ದಾ ಕಳೀಲಿಲ್ಲಂತ, ಆ ಪಟ್ಟೆ ಒಂದು ಬಿಟ್ಟು."

ತರಗತಿ ನಕ್ಕಿತು. ಅವಳೂ ನಕ್ಕಳು. ಅಜ್ಜನ ಹೆಸರು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಧರೆಪ್ಪ ಎಂದಳು.

ಆಗ ಮುಂಬೈ ಸರ್ಕಾರದ ಕಾಲ. ಜಮಖಂಡಿ ಸಂಸ್ಥಾನ ಹೋಗಿ ಐದಾರು ವರ್ಷವಾಗಿತ್ತು, ನನಗೆ ಎಂಟು ವರ್ಷ. ಅಪ್ಪ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವ ಕಾರಕೂನ, ನೀವು ಅಲ್ಲಿಯ ಜವಾನ, ಪಟ್ಟೇವಾಲಾ. ಮಧ್ಯಾಹ್ನ ಅಪ್ಪನ ಊಟದ ಡಬ್ಬಿ ಒಯ್ಯಲು ನಮ್ಮ ಮನೆಗೆ ಬರುತ್ತಿದ್ದಿರಿ. ಹೆಗಲಿನಿಂದ ಸೊಂಟಕ್ಕೆ ಇಳಿದ ಕೆಂಪು ಪಟ್ಟೆ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಅದು ಮೈಮೇಲಿರುವತನಕ ನೀವು ಕೂಡುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ, ನನ್ನನ್ನು 'ಸಣ್ಣ ಬಾಯಾರ' ಎನ್ನುತ್ತಿದ್ದಿರಿ. ಪಡಸಾಲೆಯ ಮೊಳೆಗೆ ಅದನ್ನು ತೂಗುಹಾಕಿ ಕಟ್ಟೆಯ ಮೇಲೆ ಕೂತರೆ ಮಾತ್ರ 'ಶುಭೀ, ಬಾರಬೇ ಇಲ್ಲೆ'.

ಬೀರಪ್ಪನ ಗುಡಿಗೂ ಅದನ್ನು ತೆಗೆದಿಟ್ಟೇ ಹೋಗುತ್ತಿದ್ದಿರಿ. ಏಕೆಂದು ಕೇಳಿದ್ದೆ. "ಇದನ್ನ ಹಾಕ್ಕೊಂಡ್ರ ನಾ ಇರೂದಿಲ್ಲವ್ವಾ, ಸರಕಾರ ಇರತೈತಿ. ಸರಕಾರ ಬೀರಪ್ಪಗ ಹೆಂಗ ಕೈಮುಗದೀತು?" ಎಂದಿರಿ. ಹುದ್ದೆಯ ಹೆಸರೊಂದರ ಅರ್ಥವನ್ನು ಅಷ್ಟು ಚೆನ್ನಾಗಿ ಹೇಳಿದವರನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಅಪ್ಪನ ಹುದ್ದೆಯ ಹೆಸರಿನಲ್ಲಿ ಕೆಲಸವಾದರೂ ಇತ್ತು. ನಿಮ್ಮ ಹೆಸರಿನಲ್ಲಿ ಇದ್ದದ್ದು ಪಟ್ಟೆ ಒಂದೇ, ಅದೂ ನಿಮ್ಮದಲ್ಲ.

ಚಿಮ್ಮಡದ ನಿಮ್ಮ ಅಣ್ಣನ ಕುರಿಹಿಂಡು ಹಿಪ್ಪರಗಿಯ ಬಳಿ ಹೊಳೆ ದಾಟುವಾಗ ಕರಿಮರಿಯೊಂದು ತಪ್ಪಿಸಿಕೊಂಡ ಕತೆ ಹೇಳುತ್ತಿದ್ದಿರಿ. ಡಬ್ಬಿ ತುಂಬಿದೊಡನೆ ಕತೆ ಅರ್ಧಕ್ಕೇ ನಿಲ್ಲುತ್ತಿತ್ತು. ನೀವು ಪಟ್ಟೆ ಹಾಕಿಕೊಂಡು ಮತ್ತೆ ಸರ್ಕಾರವಾಗುತ್ತಿದ್ದಿರಿ. ಪಟ್ಟೆಯೇ ಇಲ್ಲದಿದ್ದರೆ ನೀವು ಏಳುವುದೇ ಇಲ್ಲ ಎಂದು ನನ್ನ ಲೆಕ್ಕ. ಒಂದು ದಿನ ನೀವು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಅದನ್ನು ಒಯ್ದು ಅಡಿಗೆಮನೆಯಲ್ಲಿ ಜೋಳ ತುಂಬಿದ ಮಣ್ಣಿನ ಹರವಿಯಲ್ಲಿ ಹುಗಿದೆ.

ಮೇಲಿನ ಸಾಹೇಬರು ತಪಾಸಣೆಗೆ ಬಂದದ್ದು ಅದೇ ದಿನ. ಕಚೇರಿಯಿಂದ ಕರೆ ಬಂದಾಗ ನೀವು ಮೊಳೆಗೆ ಕೈಹಾಕಿದಿರಿ. ತಿರುಗಿ ನನ್ನನ್ನು ನೋಡಿದಿರಿ. ನನ್ನ ಮೊಳಕೈತನಕ ಜೋಳದ ಧೂಳು ಹತ್ತಿತ್ತು. ಆಮೇಲೆ ಅಡಿಗೆಮನೆಯ ಬಾಗಿಲನ್ನು ನೋಡಿದಿರಿ. ಒಳಗೆ ನನ್ನ ಹೆತ್ತ ಆಯಿ ಮಡಿಯಲ್ಲಿದ್ದಳು. ಆ ಹೊಸ್ತಿಲನ್ನು ನೀವು ದಾಟುವಂತಿರಲಿಲ್ಲ. ಹೊರಗೆ ನಿಂತು ಕೂಗಿ ಹೇಳಿದ್ದರೆ ಕಾರಕೂನರ ಮಗಳು ಕಳ್ಳಿಯಾಗುತ್ತಿದ್ದಳು. "ಇರ್ಲಿ" ಎಂದು ಡಬ್ಬಿ ಎತ್ತಿಕೊಂಡು ಹೋದಿರಿ.

ನೀನ್ಯಾರು ಎಂದು ಸಾಹೇಬರು ಕೇಳಿದರಂತೆ. ಪಟ್ಟೇವಾಲಾ ಎಂದಿರಂತೆ. ಪಟ್ಟೆ ಎಲ್ಲಿ ಎಂದರೆ, ಕಳೆದೇನ್ರಿ ಎಂದಿರಂತೆ. ಇಡೀ ಕಚೇರಿ ನಕ್ಕಿತು ಎಂದು ಅಪ್ಪ ಸಂಜೆ ಹೇಳಿದರು. ಸರ್ಕಾರಿ ಸಾಮಾನು ಕಳೆದವನೆಂದು ಷರಾ ಬರೆದು ಎಂಟು ದಿನದಲ್ಲಿ ನಿಮ್ಮನ್ನು ಬೀಳಗಿಗೆ ವರ್ಗ ಮಾಡಿ ಕಳಿಸಿದರು.

ಹೋಗುವ ಮುಂಚೆ ಹೇಳಿಹೋಗಲು ಬಂದಿರಿ. ಹೆಗಲ ಮೇಲೆ ಪಟ್ಟೆ ಇರಲಿಲ್ಲ. ಈಗ ಕೂಡುತ್ತೀರಿ, ಶುಭೀ ಎನ್ನುತ್ತೀರಿ, ಕರಿಮರಿ ಸಿಕ್ಕಿತೋ ಇಲ್ಲವೋ ಹೇಳುತ್ತೀರಿ ಎಂದು ಓಡಿಬಂದೆ. ನೀವು ಕಟ್ಟೆಯ ಪಕ್ಕದಲ್ಲಿ ನಿಂತೇ ಇದ್ದಿರಿ. "ಬರತೇನ್ರಿ ಸಣ್ಣ ಬಾಯಾರ. ಛಲೋತ್ನಂಗ ಓದ್ರಿ." ಅಷ್ಟೇ.

ಮರುದಿನ ಬೀಸಲು ಜೋಳ ತೆಗೆಯುವಾಗ ಆಯಿಯ ಕೈಗೆ ಪಟ್ಟೆ ಸಿಕ್ಕಿತು. ಅಪ್ಪ ನನ್ನನ್ನೊಮ್ಮೆ ನೋಡಿದರು. ದಫ್ತರದ ಕಾಗದದ ಗಂಟುಗಳ ಹಿಂದೆ ಸಿಕ್ಕಿತೆಂದು ಹೇಳಿ ಅದನ್ನು ಕಚೇರಿಗೆ ಒಪ್ಪಿಸಿದರು. ನಿಮ್ಮ ಹೆಸರಿನ ಮುಂದಿನ ಷರಾ ಹಾಗೆಯೇ ಉಳಿಯಿತು. ಬೀಳಗಿ ದೂರದ ಊರೇನೂ ಅಲ್ಲ. ಅಪ್ಪ ಹೋಗಲಿಲ್ಲ. ದೊಡ್ಡವಳಾದ ಮೇಲೆ ನಾನೂ ಹೋಗಲಿಲ್ಲ.

ತರಗತಿ ಮುಗಿದ ಮೇಲೆ ಹೊಳೆವ್ವನನ್ನು ಕೇಳಿದೆ, ಪಟ್ಟೆ ಏನಾಯಿತೆಂದು ಅಜ್ಜ ಹೇಳಿದ್ದರೇನು? "ಕೇಳಿದ್ರ, ಕುರಿಮರಿ ತಿಂದೈತಿ ಅಂತಿದ್ದರಿ" ಎಂದಳು.

ಕಾಕಾ, ಈಗ ಯಾರ ಹೆಗಲ ಮೇಲೂ ಪಟ್ಟೆ ಇಲ್ಲ. ನಮ್ಮ ಕಾಲೇಜಿನ ಜವಾನ ಪರಮಾನಂದ ಪ್ಯಾಂಟು ತೊಟ್ಟು ಸೈಕಲ್ ಮೇಲೆ ಬರುತ್ತಾನೆ, ಅವನನ್ನೂ ಜನ ಪಟ್ಟೇವಾಲಾ ಎಂದೇ ಕರೆಯುತ್ತಾರೆ. ಹೆಸರು ಉಳಿದುಬಿಟ್ಟಿತು. ನಾಳೆ ಅದೇ ತರಗತಿಗೆ ಹೋಗಿ, ನಕ್ಕ ಮಕ್ಕಳೆಲ್ಲರ ಮುಂದೆ, ಹೊಳೆವ್ವನ ಅಜ್ಜ ಏನನ್ನೂ ಕಳೆದಿರಲಿಲ್ಲ ಎಂದು ಹೇಳುತ್ತೇನೆ. ಜೋಳದ ಹರವಿಯನ್ನೂ ಹೇಳುತ್ತೇನೆ, ಆ ಹೊಸ್ತಿಲನ್ನೂ ಹೇಳುತ್ತೇನೆ.

ಬೀರಪ್ಪ ತನ್ನ ಕಟ್ಟೆಯ ಮೇಲೆ ನಿಮ್ಮನ್ನು ಕೂಡಿಸಿಕೊಂಡಿರಲಿ. ಕರಿಮರಿಯೂ ಅಲ್ಲೇ ಇರಲಿ.

ಇಲ್ಲಿ ನಿಂತೇ ಇರುವ,
ನಿಮ್ಮ ಶುಭಿ